ಪರದೆಯಾಚೆಯ ನೋವು

ರೋಗಿಯ ನೋವನ್ನು ತನ್ನ ಮೈಯಲ್ಲೇ ಹೊತ್ತು, ಅದರ ಮೂಲವನ್ನು ಹೇಳಬಲ್ಲವಳಿಗಷ್ಟೇ ವೈದ್ಯಸಹಾಯಕಿಯ ಸ್ನಾತಕೋತ್ತರ ಪದವಿ. ಎರಡು ಸಲ ಅನುತ್ತೀರ್ಣಳಾಗಿದ್ದ ಶಾಂಭವಿಗೆ ಇದೇ ಕಡೆಯ ಅವಕಾಶ. ರೋಗಿಯಿಂದ ನೋವು ಸಾಗಿಸುವ ಜೋಡಿ ಪಟ್ಟಿಗಳಲ್ಲಿ ತನ್ನದನ್ನು ಮುಂಗೈಗೆ ಬಿಗಿದುಕೊಂಡು, ರೋಗಿ ಮಲಗಿದ್ದ ಪರದೆಯ ಈಚೆ, ಪರೀಕ್ಷಕರ ಎದುರು ಕಣ್ಣು ಮುಚ್ಚಿ ಕುಳಿತಳು. ಹೊಟ್ಟೆಯ ಆಳದಲ್ಲಿ ಕೆರಳಿದ ನೋವು ಬೆನ್ನಿಗೆ ಇರಿಯಿತು.

"ಮೇದೋಜೀರಕದಲ್ಲಿ ಗಡ್ಡೆ, ಸರ್. ಕೈಮೀರಿದೆ. ಹೆಚ್ಚೆಂದರೆ ಮೂರು ತಿಂಗಳು," ಎಂದಳು ಗೆದ್ದ ದನಿಯಲ್ಲಿ.

ಪರದೆಯಾಚೆಯಿಂದ ರೋಗಿ ಮುದುಕಿ ನಕ್ಕಳು. "ಯಾರಿಗವ್ವಾ ಮೂರು ತಿಂಗಳು? ನನಗಿನ್ನೂ ಪಟ್ಟೀನೇ ಕಟ್ಟಿಲ್ಲಲ್ಲ!"

ಶಾಂಭವಿ ತನ್ನ ಪಟ್ಟಿಯನ್ನು ಬಿಚ್ಚಿದಳು. ನೋವು ಬಿಡಲಿಲ್ಲ.

ಪರೀಕ್ಷಕ ಡಾಕ್ಟರ್ ಇಟಗಿ ಅಂಕಪಟ್ಟಿಯನ್ನು ಮಡಚಿಟ್ಟು, ಹೊಸ ರೋಗಿಯ ಚೀಟಿಯೊಂದನ್ನು ಎಳೆದುಕೊಂಡರು.

"ಎಷ್ಟು ದಿನದಿಂದ ಇದೆಯಮ್ಮ?"

"ದೀಪಾವಳಿಯಿಂದ, ಸರ್. ಯಾವುದೋ ರೋಗಿಯದು ಅಂದುಕೊಂಡಿದ್ದೆ."