ಒಡಪಿನ ಬಾಕಿ

"ಐವತ್ತು ಸಾಲಂಗಿಲ್ರೀ," ಎಂದಳು ಶಾಂತಾಬಾಯಿ. "ಪುಸ್ತಕಕ್ಕ ಐವತ್ತು ಕೊಡೋ ಈ ಮನುಷ್ಯಾ, ಕುಂಬಳಕಾಯಿ ಕದ್ದಿದ್ರ ಏನು ಕೊಡತಿದ್ದ?"

ಈ ಮನುಷ್ಯಾ ಎದುರಿಗೇ ಕೂತಿದ್ದ. ಹೆಸರು ವೈಜಿನಾಥ. ತಾಂಡೂರಿನ ಬಂಡೆಪ್ಪನವರ ಛಾಪಖಾನೆಯ ಮ್ಯಾನೇಜರ. ನಾರಾಯಣಖೇಡದಿಂದ ಒಂದು ಟ್ರಂಕು ಹಿಡಿದು ಬಂದವ. ಹಿಂದೆ ಮುಂದೆ ಯಾರೂ ಇಲ್ಲ ಎಂದಿದ್ದ. ಬಂಡೆಪ್ಪ ಕೆಲಸ ಕೊಟ್ಟರು, ಬರುವ ಶುಕ್ರವಾರ ಮಗಳನ್ನೂ ಕೊಡುವವರಿದ್ದರು. ಅವರ ಪಡಸಾಲೆಯ ಶಾಬಾದಿ ಕಲ್ಲು ತಣ್ಣಗಿದ್ದರೂ ಅವನ ಅಂಗಿ ಬೆನ್ನಿಗೆ ಅಂಟಿತ್ತು.

ತಪ್ಪು ಅವನದೇ. ಅದರಲ್ಲಿ ಅನುಮಾನವೇ ಇರಲಿಲ್ಲ. ಝರಾಸಂಗಮಿನ ಶಾಂತಾಬಾಯಿ ವರ್ಷಗಟ್ಟಲೆ ಒಡಪು ಕಟ್ಟಿದ್ದಳು. ಗಂಡನ ಹೆಸರನ್ನು ನೇರ ಹೇಳದ ನಮ್ಮ ಹೆಂಗಸರಿಗೆ ಮದುವೆಮನೆಯಲ್ಲಿ ಅದನ್ನು ಪ್ರಾಸದೊಳಗೆ ಪೋಣಿಸಿ ಹೇಳಲು ಒಡಪು ಬೇಕೇ ಬೇಕು. ರಾಜ್ಯಗಳು ಬೇರೆಯಾಗಿ ನಮ್ಮ ಊರುಗಳು ತೆಲುಗು ಸೀಮೆಗೆ ಹೋದ ಮೇಲೆ ಈ ಕಡೆ ಕನ್ನಡ ಪುಸ್ತಕ ಸಿಗುವುದೇ ಕಷ್ಟವಾಗಿತ್ತು. ಅವಳ ಹೆಸರಿನಲ್ಲೇ ಅಚ್ಚು ಹಾಕಿ, ಮಾರಿದ್ದರಲ್ಲಿ ನೂರಕ್ಕೆ ಹತ್ತು ಕೊಡುತ್ತೇನೆಂದು ವೈಜಿನಾಥ ಛಾಪಾ ಕಾಗದದ ಮೇಲೆ ಸಹಿ ಮಾಡಿದ್ದ. ಪುಸ್ತಕ ಬಂತು, ಬಿಸಿ ಭಜಿಯ ಹಾಗೆ ಖರ್ಚಾಯಿತು. ರಟ್ಟಿನ ಮೇಲೆ ಹೆಸರು ಮಾತ್ರ ವೈಜಿನಾಥನದು.

"ಮೂರು ಸಾವಿರ ಪ್ರತಿ, ಎಂಟಾಣೆ ಬೆಲೆ," ವಕೀಲ ಆತ್ಮಾರಾಮ ಲೆಕ್ಕ ಹಾಕಿದರು. "ನೂರಕ್ಕ ಹತ್ತರಂಗ ನೂರೈವತ್ತು ಆತು."

"ಹೆಸರಿಂದು?" ಶಾಂತಾಬಾಯಿ ಬಿಡಲಿಲ್ಲ. "ನನ್ನ ಹೆಸರು ಇದ್ದಿದ್ರ ಜಹೀರಾಬಾದಿನ ಛಾಪಖಾನೆಯವರು ಇನ್ನೊಂದು ಪುಸ್ತಕ ಕೇಳತಿದ್ರು. ಈಗ ನಾನೇ ಕದ್ದೀನಿ ಅಂತಾರ. ಆ ನುಕಸಾನ ಎಷ್ಟರೀ?"

"ಮುನ್ನೂರು ಕೊಡತೀನ್ರೀ," ವೈಜಿನಾಥ ನಡುವೆ ಬಾಯಿ ಹಾಕಿದ. "ಮುಗಿಸಿ ಬಿಡ್ರಿ."

ಬಂಡೆಪ್ಪನವರಿಗೆ ಭಾವಿ ಅಳಿಯನ ದೊಡ್ಡ ಮನಸ್ಸು ಕಂಡು ಹೆಮ್ಮೆಯಾಯಿತು. ಮದುವೆಗೆ ಮುಂಚೆ ಕಳಂಕ ತೊಳೆಯಲೆಂದು ಈ ಪಂಚಾಯಿತಿ ಕೂಡಿಸಿದವರೇ ಅವರು.

"ಅಲ್ಲವ್ವಾ, ಛಾಪಾ ಕಾಗದ ಬರೆಸಿಕೊಳ್ಳೋ ಬುದ್ಧಿ ನಿನಗ ಹ್ಯಾಂಗ ಬಂತು?" ಕೇಳಿದರು.

"ಬರೇ ಮಾತು ನಂಬಿ ಒಮ್ಮೆ ಕೆಟ್ಟಿದ್ದೆರೀ."

"ನಿನ್ನ ಯಜಮಾನರು ಜೋಡಿ ಬಂದಿಲ್ಲೇನು?"

ಶಾಂತಾಬಾಯಿ ಸೆರಗು ಸರಿಮಾಡಿಕೊಂಡಳು. ಹಣೆಯಲ್ಲಿ ಕಾಸಿನಗಲ ಕುಂಕುಮ. "ಅವರು ತಾಂಡೂರಿನ್ಯಾಗೇ ಇರ್ತಾರ್ರೀ. ಈ ವ್ಯಾಜ್ಯ ಅವರಿಗೆ ಚೆನ್ನಾಗಿ ಗೊತ್ತೈತಿ."

ಒಳಕೋಣೆಯಲ್ಲಿ ಹೆಂಗಸರ ನಗು ಎದ್ದಿತು. ಬಂಡೆಪ್ಪನವರ ಮಗಳು ಬಾಲಮಣಿಗೆ ಒಡಪು ಕಲಿಸುತ್ತಿದ್ದರು. ಹುಡುಗಿ ನಾಚುತ್ತ, ಅದೇ ಪುಸ್ತಕದಿಂದ ಹೇಳಿದಳು:

"ತೊಗರಿ ಹೊಲದಾಗ ಹೂವಿನ ಅರಳು, ಕಲ್ಲಿನ ಖಣಿಯಾಗ ಬೇವಿನ ನೆರಳು, ವೈಜಿನಾಥರ ಹೆಸರು ಹೇಳತೀನಿ, ತಾಳಿಗೆ ಕಾದೈತಿ ನನ್ನ ಕೊರಳು!"

ಶಾಂತಾಬಾಯಿ ಒಳಕೋಣೆಯ ಕಡೆ ತಿರುಗಿ ನೋಡಿದಳು. ತಾನು ಕಟ್ಟಿದ ಮಾತು ಇನ್ನೊಬ್ಬಳ ಬಾಯಲ್ಲಿ ಕೇಳಿದರೆ ಯಾರಿಗೆ ಉರಿಯುವುದಿಲ್ಲ?

"ಐನೂರು," ಎಂದಳು. "ಒಂದು ಪೈಸಾ ಕಮ್ಮಿ ಇಲ್ಲ."

ವೈಜಿನಾಥ ಹುಂ ಎಂದ. ಮದುವೆ ಖರ್ಚಿಗೆ ಇಟ್ಟಿದ್ದ ದುಡ್ಡನ್ನೇ ತಂದು ಸುರಿದ. ಸಾಲದ್ದಕ್ಕೆ ನಿಶ್ಚಯದ ಉಂಗುರ ಬಿಚ್ಚಿಟ್ಟ. ಶಾಂತಾಬಾಯಿ ಉಂಗುರವನ್ನು ಬೆಳಕಿಗೆ ಹಿಡಿದು ನೋಡಿ, ದುಡ್ಡಿನ ಜೊತೆ ಸೆರಗಿಗೆ ಗಂಟು ಹಾಕಿದಳು. ವಕೀಲರು ಬರೆದ ರಸೀದಿಗೆ ಸಹಿ ಮಾಡಿದಳು.

"ಮುಗೀತಲ್ಲ, ಬಸ್ಸು ಹೋಗತೈತಿ," ಎಂದ ವೈಜಿನಾಥ, ಅವಳ ಚೀಲ ತಾನೇ ಎತ್ತಿಕೊಟ್ಟು.

"ತಡಿ," ಎಂದರು ಬಂಡೆಪ್ಪ. "ಆಗಿಂದ ಈ ಮನುಷ್ಯಾ, ಈ ಮನುಷ್ಯಾ ಅಂತಾಳ. ನನ್ನ ಅಳಿಯ ಅಂದ್ರ ಹೆಸರಿಲ್ಲದವನೇನು? ತಂಗೀ, ಸಿಟ್ಟು ಇಲ್ಲಿಗೇ ಬಿಡು. ಇವನ ಹೆಸರು ಹಿಡಿದು, ಬಾಕಿ ಚುಕ್ತಾ ಆತು ಅಂತ ಎಲ್ಲಾರ ಮುಂದ ಹೇಳು. ಒಳಗಿನ ನೆಂಟರಿಗೂ ಕೇಳಲಿ."

"ಬ್ಯಾಡ್ರೀ ಮಾವಾ!" ವೈಜಿನಾಥ ಎದ್ದೇ ನಿಂತ. "ಸಹಿ ಆಗೇತಲ್ಲ!"

"ನೀ ಸುಮ್ಮ ಕೂಡು. ಇದು ನನ್ನ ಮನೆತನದ ಮಾತು. ಹೆಸರು ಹೇಳದ ಹೊರತು ಈಕಿನ್ನ ಹೊಸ್ತಿಲ ದಾಟಗೊಡಂಗಿಲ್ಲ."

ಶಾಂತಾಬಾಯಿ ಕೆಳಗೆ ನೋಡಿದಳು. ಮೊದಲ ಸಲ ಅವಳ ಮುಖದಲ್ಲಿ ನಗು ಕಂಡಿತು. ಸೇಡಿನ ನಗು ಅಂಥ ಚೆಂದ ಇರುವುದಿಲ್ಲ, ಆದರೂ ಅವಳಿಗೆ ಒಪ್ಪುತ್ತಿತ್ತು.

"ದೊಡ್ಡವರು ನೀವೇ ಹೇಳಿಸಾಕ ಹತ್ತೀರಿ ಅಂದ್ರ ಹೇಳಬೇಕಾಗತೈತಿ," ಎಂದಳು. "ಬಾಗಲಾ ಪೂರಾ ತೆಗೀರಿ. ಹುಡುಗೀನ್ನೂ ಕರೀರಿ."

ಬಾಲಮಣಿ ಅರಿಶಿನದ ಕೈಯಲ್ಲಿ ಪುಸ್ತಕ ಹಿಡಿದೇ ಬಾಗಿಲಿಗೆ ಬಂದಳು. ಹಿಂದೆ ನೆಂಟರ ಹೆಂಗಸರೆಲ್ಲ ಬಂದು ನಿಂತರು. ಶಾಂತಾಬಾಯಿ ತಲೆತುಂಬ ಸೆರಗು ಹೊದ್ದು, ಮದುವೆಮನೆಯಲ್ಲಿ ನಿಲ್ಲುವ ಹಾಗೆ ನಿಂತು, ಎಲ್ಲರಿಗೂ ಕೇಳುವ ಹಾಗೆ ಹೇಳಿದಳು:

"ತೊಗರಿ ಹೊಲದಾಗ ಹೂವಿನ ಅರಳು, ಕಲ್ಲಿನ ಖಣಿಯಾಗ ಬೇವಿನ ನೆರಳು, ವೈಜಿನಾಥರ ಹೆಸರು ಹೇಳತೀನಿ, ಅವರು ಕಟ್ಟಿದ ತಾಳಿ ಹನ್ನೆರಡು ವರ್ಷ ಹೊತ್ತೈತಿ ನನ್ನ ಕೊರಳು."