ಥ್ಯಾಂಕ್ಸ್ ಕುರ್ಚಿ

ಅಟ್ಟದ ಮೇಲಿರಬೇಕಾದ ನೀಲಿ ಕುರ್ಚಿ ಉಗ್ರಾಣದ ನಟ್ಟನಡುವೆ ನಿಂತಿತ್ತು. ಬಣ್ಣದ ಡಬ್ಬಿ ತರಲು ಹೋದ ಡ್ರಾಯಿಂಗ್ ಮಿಸ್ ಬಾಗಿಲಲ್ಲೇ ನಿಂತುಬಿಟ್ಟಳು. ಆರನೇ ತರಗತಿಯ ಎರಡು ಜಡೆಯ ಹುಡುಗಿ ಒದ್ದೆ ಬಟ್ಟೆಯಿಂದ ಕುರ್ಚಿಯ ಕಾಲು ಒರೆಸುತ್ತಿದ್ದಳು. ಪಕ್ಕದಲ್ಲಿ ಬಕೆಟ್ ಹಿಡಿದು ನಿಂತಿದ್ದವಳು ಮಿಸ್‌ನ ಸ್ವಂತ ಮಗಳು, ಮೂರನೇ ತರಗತಿಯವಳು.

"ಯಾರಿಗೆ ಇದು?"

"ಯಾರಿಗೂ ಇಲ್ಲ ಮಿಸ್. ಧೂಳಾಗಿತ್ತು" ಎಂದಳು ಎರಡು ಜಡೆ. ಮಗಳು ಬಕೆಟ್ಟಿನೊಳಗೆ ಮೀನು ಇದೆಯೇನೋ ಎಂಬಂತೆ ಬಗ್ಗಿ ನೋಡತೊಡಗಿದಳು. ಮನೆಯಲ್ಲಿ ಗುಟ್ಟೆಂದರೆ ಏನೆಂದೇ ಗೊತ್ತಿಲ್ಲದ ಹುಡುಗಿ ಅದು.

ಆ ಪುಟ್ಟ ಶಾಲೆಯಲ್ಲಿ ಎಲ್ಲ ಕೆಲಸವೂ ಎಲ್ಲರದು. ಅಂಗಳ ಗುಡಿಸುವವರು ಮಕ್ಕಳು, ಸೋರುವ ನಲ್ಲಿಗೆ ದಾರ ಸುತ್ತುವವರು ಲೆಕ್ಕದ ಮೇಷ್ಟ್ರು, ಮಧ್ಯಾಹ್ನ ಊಟ ಬಡಿಸುವವರು ಶಾಲೆ ಕಟ್ಟಿದ ದೊಡ್ಡಮ್ಮ. ನೀಲಿ ಕುರ್ಚಿ ಮಾತ್ರ ಹೊರಡುವವರದು. ಶಾಲೆ ಬಿಟ್ಟು ಹೋಗುವವರನ್ನು ಅದರಲ್ಲಿ ಕೂರಿಸಿ, ಮಕ್ಕಳು ಒಬ್ಬೊಬ್ಬರಾಗಿ ಬಂದು ಥ್ಯಾಂಕ್ಸ್ ಹೇಳುವುದು ಅಲ್ಲಿನ ಪದ್ಧತಿ. ಮಕ್ಕಳ ಸಂಖ್ಯೆ ಕರಗತೊಡಗಿದ ಮೇಲೆ ಆ ಕುರ್ಚಿಗೆ ಅಟ್ಟ ಹತ್ತಲು ಪುರಸೊತ್ತೇ ಇಲ್ಲದಂತಾಗಿತ್ತು. ವರ್ಷದ ಶುರುವಿನಲ್ಲಿ ಹಾಡಿನ ಸರ್ ಕೂತರು. ರಜೆ ಮುಗಿದ ಮೇಲೆ ಲೈಬ್ರರಿ ಅಕ್ಕ ಕೂತರು. ಹಾಡು ಹೋಯಿತು, ಪುಸ್ತಕ ಹೋಯಿತು, ಇನ್ನು ಮುಂದಿನದು ಚಿತ್ರ ಎಂದು ಲೆಕ್ಕ ಹಾಕಲು ಲೆಕ್ಕದ ಮೇಷ್ಟ್ರೇ ಬರಬೇಕಾಗಿರಲಿಲ್ಲ.

ಬೆಳಗ್ಗೆಯ ಕ್ಲಾಸಿನಲ್ಲಿ ಡ್ರಾಯಿಂಗ್ ಮಿಸ್ ಬೋರ್ಡಿನ ಮೇಲೆ ಆನೆ ಬರೆದರೆ ಕಾಲು ಮೂರೇ ಆದವು. ಬೇರೆ ದಿನವಾಗಿದ್ದರೆ ಮಕ್ಕಳು ಬಿದ್ದು ಬಿದ್ದು ನಗುತ್ತಿದ್ದವು. ಇವತ್ತು ಒಬ್ಬರ ಮುಖ ಒಬ್ಬರು ನೋಡಿಕೊಂಡವು. ಅಯ್ಯೋ ಪಾಪ ಅಂದುಕೊಳ್ಳುತ್ತಿವೆ, ಅಂದುಕೊಂಡಳು. ಕೆಲಸ ಹೋದರೆ ಸಂಬಳವಷ್ಟೇ ಹೋಗುವುದಿಲ್ಲ, ಮಗಳ ಶಾಲೆಯೂ ಹೋಗುತ್ತದೆ. ಟೀಚರ್ ಮಗಳೆಂದು ಫೀಸಿಲ್ಲದೆ ಓದುತ್ತಿದ್ದವಳು ಅವಳು. ಹಿಂದಿನ ದೊಡ್ಡ ಶಾಲೆಯಲ್ಲಿ ವರ್ಷವಿಡೀ ತುಟಿ ಬಿಚ್ಚದಿದ್ದ ಹುಡುಗಿ ಇಲ್ಲಿಗೆ ಬಂದ ಮೇಲೆ ವಟವಟ ಅನ್ನತೊಡಗಿದ್ದಳು. ಮತ್ತೆ ಅಂಥ ಕಡೆಗೇ ಕಳಿಸಬೇಕೆ?

ಊಟದ ಹೊತ್ತಿಗೆ ತಡೆಯಲಾಗಲಿಲ್ಲ. "ದೊಡ್ಡಮ್ಮ, ಕುರ್ಚಿ ಕೆಳಗಿಳಿದಿದೆ" ಎಂದಳು, ತಟ್ಟೆ ಮುಂದೆ ಹಿಡಿದು.

ದೊಡ್ಡಮ್ಮನ ಕೈಯ ಸೌಟು ಗಾಳಿಯಲ್ಲೇ ನಿಂತಿತು. "ಯಾರು ಇಳಿಸಿದ್ರು? ನಾನು ಇನ್ನೂ ಯಾರಿಗೂ ಏನೂ ಹೇಳಿಲ್ವಲ್ಲ."

"ಏನು ಹೇಳಬೇಕಿತ್ತು?"

"ಊಟ ಮಾಡಮ್ಮ, ಆರಿಹೋಗುತ್ತೆ" ಎಂದು ಅವರು ಮುಂದಿನವರ ತಟ್ಟೆಗೆ ತಿರುಗಿದರು. 'ಇನ್ನೂ' ಎಂಬ ಆ ಒಂದು ಮಾತು ಅವಳ ಕಿವಿಯಲ್ಲೇ ಉಳಿಯಿತು. ತಟ್ಟೆಯನ್ನು ಮುಟ್ಟದೆ ಪಕ್ಕಕ್ಕಿಟ್ಟಳು.

ಗಂಟೆ ಹೊಡೆದ ಮೇಲೆ ಮಗಳೇ ಬಂದು ಕೈಹಿಡಿದು ಹಾಲಿಗೆ ಕರೆದುಕೊಂಡು ಹೋದಳು. ಶಾಲೆಗೆ ಶಾಲೆಯೇ ಸುತ್ತ ಕೂತಿತ್ತು. ನಡುವೆ ನೀಲಿ ಕುರ್ಚಿ.

"ಕೂತ್ಕೊಳ್ಳಿ ಮಿಸ್" ಎಂದಳು ಎರಡು ಜಡೆ.

"ನಾನು ಕೂರಲ್ಲ." ದನಿ ತಾನಾಗಿಯೇ ಏರಿತು. "ನನ್ನ ಕಳಿಸೋದಾದ್ರೆ ದೊಡ್ಡಮ್ಮ ಕರೆದು ಹೇಳ್ಲಿ. ಮಕ್ಕಳ ಕೈಲಿ ಹೇಳಿಸೋದು ಬೇಡ."

ಮಕ್ಕಳು ಕಣ್ಣು ಕಣ್ಣು ಬಿಟ್ಟವು. ಶಾಲೆಯಲ್ಲಿ ಮಿಸ್ ಎಂದೇ ಕರೆಯಬೇಕೆಂಬುದನ್ನು ಮಗಳು ಮರೆತಳು. "ಅಮ್ಮಾ, ಯಾರು ಕಳಿಸ್ತಿದಾರೆ? ಹಾಡಿನ ಸರ್‌ಗೆ ಹೋಗೋ ದಿನ ಥ್ಯಾಂಕ್ಸ್ ಹೇಳಿದ್ವಿ, ಹೋಗ್ಬಿಟ್ರು. ಲೈಬ್ರರಿ ಅಕ್ಕನೂ ಹಾಗೇ. ಮುಂಚೇನೇ ಹೇಳ್ಬಿಟ್ರೆ ಆಮೇಲೆ ಹೋಗೋ ಹಾಗಿಲ್ಲ."

"ಇರೋರನ್ನೆಲ್ಲ ಕೂರಿಸ್ಬಿಡೋಣ ಅಂತ ನಾವೇ ಕುರ್ಚಿ ಇಳಿಸಿದ್ವಿ. ನೀವು ಮೊದಲು" ಎಂದಳು ಎರಡು ಜಡೆ.

ಮಿಸ್ ಕೂತಳು. ಒಬ್ಬಳು, ತನ್ನ ಹಸಿರು ಸೂರ್ಯನನ್ನು ತಪ್ಪು ಅನ್ನದೇ ಇದ್ದದ್ದಕ್ಕೆ ಥ್ಯಾಂಕ್ಸ್ ಎಂದಳು. ಒಬ್ಬ, "ನನ್ನ ಚಡ್ಡಿ ಹರಿದಾಗ ನಿಮ್ಮ ಏಪ್ರನ್ ಕೊಟ್ರಿ, ಯಾರಿಗೂ ಹೇಳ್ಲಿಲ್ಲ" ಎಂದು ಇಡೀ ಶಾಲೆಗೆ ಕೇಳಿಸುವಂತೆ ಹೇಳಿದ. ಇನ್ನೊಬ್ಬ ಇವತ್ತಿನ ಮೂರು ಕಾಲಿನ ಆನೆಗೇ ಥ್ಯಾಂಕ್ಸ್ ಎಂದ. ಅವಳಿಗೆ ನಗುವೂ ಅಳುವೂ ಒಟ್ಟಿಗೇ ಬಂದು, ಯಾವುದನ್ನು ತಡೆಯುವುದೆಂದು ತಿಳಿಯದೆ ಎರಡನ್ನೂ ಬರಲು ಬಿಟ್ಟಳು. ಬೆಳಗ್ಗೆಯಿಂದ ಎದೆಯ ಮೇಲಿದ್ದ ಭಾರ ಇಳಿದು, ಈಗ ಹಸಿವು ಶುರುವಾಯಿತು.

ಅವಳು ಎದ್ದದ್ದೇ ತಡ, ಎರಡು ಜಡೆ ಕುರ್ಚಿಯನ್ನು ದರದರ ಎಳೆದುಕೊಂಡು ಹೋಗಿ, ಗೋಡೆಯ ಬಳಿ ನಿಂತಿದ್ದ ದೊಡ್ಡಮ್ಮನ ಮುಂದಿಟ್ಟಳು. "ಈಗ ನೀವು ದೊಡ್ಡಮ್ಮ."

ದೊಡ್ಡಮ್ಮ ಹಿಂದಕ್ಕೆ ಸರಿದರು. ಬೆನ್ನು ಗೋಡೆಗೆ ತಾಗಿತು. ಊಟದ ಹೊತ್ತಿನ ಆ 'ಇನ್ನೂ' ಯಾರು ಹೊರಡುವ ಮಾತೆಂದು ಡ್ರಾಯಿಂಗ್ ಮಿಸ್‌ಗೆ ಆಗ ಹೊಳೆಯಿತು.

"ನಂದು ಹೇಗೂ ಮುಂದಿನ ವಾರ ಇದೆ ಮಕ್ಕಳೇ" ಎಂದರು ದೊಡ್ಡಮ್ಮ, ಕುರ್ಚಿಯ ಬೆನ್ನು ಸವರುತ್ತ. "ಇದನ್ನ ಅಟ್ಟಕ್ಕೆ ಹಾಕ್ಬೇಡಿ."

ಅಟ್ಟಕ್ಕೆ ಎತ್ತುವ ಕೆಲಸ ತಪ್ಪಿತೆಂದು ಮಕ್ಕಳು ಚಪ್ಪಾಳೆ ತಟ್ಟಿದವು.