ಕೂಸು ಎತ್ತಿಕೊಂಡವರು

“ಪೆಟ್ಟಿಗೆಗೆ ತುಂಬಬೇಡ! ಅವೇನು ಆಲೂಗಡ್ಡೆ ಅಂದ್ಕೊಂಡ್ಯಾ?”

ಅಂಗಡಿಯ ಮುದುಕಿ ದೋನ್ಯಾ ಒಟೀಲಿಯಾ ಕೂಗಿದ ರಭಸಕ್ಕೆ ಹಮಾಲ ನಾಬೋರ್ ಕೈಯಲ್ಲಿದ್ದ ಬಾಲಯೇಸುವಿನ ಮೂರ್ತಿಯನ್ನು ಎದೆಗವಚಿಕೊಂಡು ನಿಂತುಬಿಟ್ಟ. ಅಂಗಡಿಯ ಗೋಡೆ ತುಂಬ ಹಲಗೆಗಳು, ಹಲಗೆಗಳ ತುಂಬ ಬಾಲಯೇಸುಗಳು. ಮೆಕ್ಸಿಕೊ ನಗರದ ಹಳೇ ಪೇಟೆಯಲ್ಲಿ ನಮ್ಮದು ಇದೇ ಕಸುಬಿನ ಬೀದಿ. ಮನೆಮನೆಯ ಬಾಲಯೇಸುವಿನ ಮುರಿದ ಬೆರಳು ಕೂಡಿಸುತ್ತೇವೆ, ಕೆನ್ನೆಗೆ ಬಣ್ಣ ಹಚ್ಚುತ್ತೇವೆ, ಫೆಬ್ರವರಿ ಎರಡರ ಹಬ್ಬಕ್ಕೆ ಹೊಸ ಬಟ್ಟೆ ತೊಡಿಸುತ್ತೇವೆ. ಈ ಸಲದ ಹಬ್ಬ ಮುಗಿದಿತ್ತು. ಹಲಗೆಯ ಮೇಲೆ ಉಳಿದವೆಲ್ಲ ರಿಪೇರಿಗೆ ಬಿಟ್ಟುಹೋದವರು ತಿರುಗಿ ಬಾರದ ಕೂಸುಗಳು.

“ಅಜ್ಜಿ, ಹಳೇ ಕಟ್ಟಡ ಉಳಿಸೋಕೇ ತಾನೇ ನಾವು ಒದ್ದಾಡ್ತಿರೋದು?” ಎಂದಳು ರೆನಾತಾ. ಪೇಟೆಯ ಪುರಾತನ ಕಟ್ಟಡಗಳನ್ನು ದುರಸ್ತಿ ಮಾಡಿಸುವ ಕಚೇರಿಯಿಂದ ಬಂದವಳು ಅವಳು. ಅವತ್ತು ಅಂಗಡಿ ಖಾಲಿ ಮಾಡಿಸಿ ಸಾಮಾನನ್ನು ಗೋದಾಮಿಗೆ ಕಳಿಸಬೇಕಿತ್ತು. “ಕೆಲಸ ಮುಗೀಲಿ. ಆಮೇಲೆ ನಿಮ್ಮ ಅಂಗಡಿ ವಿಷಯ ನೋಡೋಣ.”

“ನಿಮ್ಮ ‘ನೋಡೋಣ’ ನಮಗೆ ಗೊತ್ತಿಲ್ವೇನಮ್ಮ? ಪಕ್ಕದ ಎಲೀಸಿಯೊಗೂ ಹಂಗೇ ಅಂದಿದ್ರಿ. ಪಾಪ, ಕುರ್ಚಿ ಮಾಡ್ಕೊಂಡಿದ್ದ. ಈಗ ಅಲ್ಲಿ ಕಾಫಿ ಅಂಗಡಿ. ಅವನು ಮಾಡಿದ ಕುರ್ಚಿ ಗೋಡೇಲಿ ನೇತಾಡ್ತಿದೆ. ಕೂರೋಕಲ್ಲ, ನೋಡೋಕೆ!”

ರೆನಾತಾ ಕೆಟ್ಟ ಹುಡುಗಿಯಲ್ಲ. ಕೆತ್ತನೆಯ ಬಾಗಿಲನ್ನು ಸವರುತ್ತ ಅವಳು ಕಣ್ಣಲ್ಲಿ ನೀರು ತಂದುಕೊಂಡದ್ದನ್ನು ಅಕ್ಕಪಕ್ಕದ ಅಂಗಡಿಯವರಾದ ನಾವೇ ಕಂಡಿದ್ದೇವೆ. ಬಾಗಿಲ ಒಳಗೆ ಕೂತವಳ ಕಡೆ ಮಾತ್ರ ಆ ಕಣ್ಣು ಇನ್ನೂ ಹೊರಳಿರಲಿಲ್ಲ. ಇವತ್ತು ಒಟೀಲಿಯಾಳ ಮುಖ ನೋಡಲಾಗದೆ ನೆಲ ನೋಡುತ್ತಿದ್ದಳು.

“ನನ್ನ ಬಿಡು, ಎಲ್ಲೋ ಒಂದು ಮೂಲೆ ಸಿಗುತ್ತೆ,” ಎಂದಳು ಮುದುಕಿ. “ಇವಕ್ಕೆ? ಬಿಟ್ಟುಹೋದವರು ಯಾವತ್ತಾದ್ರೂ ಹುಡುಕ್ಕೊಂಡು ಬಂದೇ ಬರ್ತಾರೆ. ಹೋದ ವರ್ಷ ಒಬ್ಬಳು ಬಂದ್ಲು. ಕೂಸನ್ನ ಇಲ್ಲಿ ಬಿಟ್ಟಾಗ ಅವಳು ಬಸುರಿ, ಬಂದಾಗ ಆ ಮಗಳಿಗೆ ಮದುವೆ. ಅವಳಿಗೆ ನನ್ನ ಹೆಸರೂ ನೆನಪಿರಲಿಲ್ಲ ಕಣೇ. ನೆನಪಿದ್ದದ್ದು ಈ ಬಾಗಿಲು ಒಂದೇ.”

“ಸರಿ ಅಜ್ಜಿ, ಪೆಟ್ಟಿಗೆ ಬೇಡ. ಒಂದೊಂದಾಗಿ ಕೈಯಲ್ಲೇ ಒಯ್ಯೋಣ,” ಎಂದು ರೆನಾತಾ ಅಂಗಿಯ ತೋಳು ಮಡಚಿಕೊಂಡಳು. ಒಟೀಲಿಯಾ ಒಂದೊಂದೇ ಕೂಸನ್ನು ಹಲಗೆಯಿಂದಿಳಿಸಿ, ಹಣೆಗೆ ಮುತ್ತಿಟ್ಟು ನಾಬೋರನ ಕೈಗೆ ಕೊಟ್ಟಳು. ಅವನು ಒಯ್ದು ಲಾರಿಯಲ್ಲಿ ಹಾಸಿದ ಕಂಬಳಿಯ ಮೇಲೆ ಮಲಗಿಸಿ ಬಂದ. ಹಾಗೆ ನಾಲ್ಕಾರು ಸಲ ಹೋಗಿ ಬಂದವನು, ರೆನಾತಾಳ ತೋಳಿಗೂ ಮುದುಕಿ ಒಂದು ಕೂಸನ್ನು ಕೊಟ್ಟಾಗ ಹಣೆ ಚಚ್ಚಿಕೊಂಡ.

“ಅಯ್ಯಯ್ಯೋ! ಅಜ್ಜಿ, ನೀವೇ ಎತ್ತಿ ಕೈಗೆ ಕೊಟ್ರಿ, ನಾನು ಎತ್ಕೊಂಡೆ. ಅಂದ್ಮೇಲೆ ನಾನು…”

“ಧರ್ಮತಂದೆ. ಇನ್ನೇನು? ಕೂಸನ್ನ ಕೈಗೆ ತಗೊಂಡವರು ಮೂರು ವರ್ಷ ಹಬ್ಬಕ್ಕೆ ಬಟ್ಟೆ ಹಾಕಿಸ್ಬೇಕು. ನಿಮ್ಮವ್ವ ಹೇಳಿಲ್ವಾ?”

“ಮನೇಲಿರೋ ಮೂರು ಮಕ್ಕಳನ್ನೇ ಸಾಕೋಕಾಗ್ತಿಲ್ಲ! ಹೆಂಡತಿ ಹೊಸಲು ದಾಟೋಕೆ ಬಿಡಲ್ಲ ನನ್ನ!”

ನಾವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಮುದುಕಿ ಬೇಕಂತಲೇ ಮಾಡಿದಳೋ, ದುಃಖದಲ್ಲಿ ಮರೆತಳೋ, ಇವತ್ತಿಗೂ ಬಾಯಿಬಿಟ್ಟಿಲ್ಲ. ನಾಬೋರ್ ಮಾತ್ರ ನಗಲಿಲ್ಲ. ಲಾರಿ ಹತ್ತಿ, ಮಲಗಿಸಿದ್ದ ಕೂಸುಗಳನ್ನು ಕಂಬಳಿ ಸಮೇತ ಬಾಚಿ ಎತ್ತಿಕೊಂಡು ಇಳಿದ.

“ಏನ್ ಮಾಡ್ತಿದ್ದೀಯಾ?” ಎಂದಳು ರೆನಾತಾ.

“ಇವು ನನ್ನವು ಮೇಡಂ. ಆ ಗೋದಾಮಿನ ಕತ್ತಲಲ್ಲಿ ಹೆಂಗೆ ಬಿಟ್ಟು ಬರ್ಲಿ? ಬೈದ್ರೆ ಬೈಸ್ಕೋತೀನಿ, ಮನೆಗೇ ಕರ್ಕೊಂಡು ಹೋಗ್ತೀನಿ.”

ಎದುರಿನ ಮೇಣದಬತ್ತಿಯಂಗಡಿಯ ತೆಯೊಡೂಲಾ ಅಷ್ಟು ಕೇಳಿದ್ದೇ ಬುಟ್ಟಿ ಕೆಳಗಿಟ್ಟು ಬಂದು ಕೈ ಚಾಚಿದಳು. “ನನಗೊಂದು ಕೊಡೇ ಒಟೀಲಿಯಾ.” ಆಮೇಲೆ ಜರಿ ಅಂಗಿ ಹೊಲಿಯುವವಳು ಬಂದಳು, ಕಣ್ರೆಪ್ಪೆ ಅಂಟಿಸುವವನು ಬಂದ, ನಾನೂ ಹೋದೆ. ಒಟೀಲಿಯಾ ಒಬ್ಬೊಬ್ಬರಿಗೂ ಬುದ್ಧಿ ಹೇಳಿ ಹೇಳಿ ಕೊಟ್ಟಳು. “ಇವನ ಎಡಗಾಲು ನಾಜೂಕು, ಹುಷಾರು.” “ಇವನ ಮನೆಯವರು ಪುಯೆಬ್ಲಾ ಕಡೆಯವರು. ಬಂದು ಕೇಳಿದ್ರೆ ಎರಡು ಮಾತಾಡದೆ ಕೊಟ್ಬಿಡು.” ಹಲಗೆಗಳು ಬರಿದಾದವು. ಅತ್ತೂ ಅತ್ತೂ ಮುದುಕಿಯ ಮೂಗು ಕೆಂಪಗಾಗಿತ್ತು.

ಲಾರಿ ಖಾಲಿ ನಿಂತಿತ್ತು. ಯಾರೂ ತಂತಮ್ಮ ಅಂಗಡಿಗೆ ಮರಳಲಿಲ್ಲ. ಕೂಸು ಎತ್ತಿಕೊಂಡವರೆಲ್ಲ ರೆನಾತಾಳ ಸುತ್ತ ಬಂದು ನಿಂತೆವು. ಅವಳ ತೋಳಿನಲ್ಲೂ ಒಂದಿತ್ತು. ಎಲ್ಲಿಡಬೇಕೆಂದು ತಿಳಿಯದೆ ಹಿಡಿದುಕೊಂಡೇ ಇದ್ದಳು.

“ಮೇಡಂ,” ಎಂದ ನಾಬೋರ್, ಕಂಬಳಿಯ ಗಂಟನ್ನು ಹೆಗಲಿಗೇರಿಸಿಕೊಳ್ಳುತ್ತ. “ಮುಂದಿನ ಹಬ್ಬಕ್ಕೆ ಇವುಗಳನ್ನ ಎಲ್ಲಿಗೆ ಕರ್ಕೊಂಡು ಬರೋಣ?”

“ನಾನು ಕಚೇರೀಲಿ ತೀರಾ ಚಿಕ್ಕವಳು,” ಎಂದಳು ರೆನಾತಾ. “ನನ್ನ ಮಾತು ಅಲ್ಲಿ…”

ಅವಳು ಕೂಸಿನ ಕತ್ತಿನ ಕೆಳಗೆ ಅಂಗೈ ಕೊಟ್ಟು, ಎದೆಗೆ ಸರಿಯಾಗಿ ಒರಗಿಸಿಕೊಂಡಳು.

“ಇಲ್ಲಿಗೇ,” ಎಂದಳು.